ಮೂಗಿನ ಮನೆಯ ಅಕ್ಷರ

ನಾನು ಮೊದಲು ಕೆಲಸಕ್ಕೆ ಸೇರಿದ ಊರನ್ನು ನೀವು ಹುಡುಕಿಕೊಂಡು ಹೋಗಬೇಡಿ, ಸಿಗುವುದಿಲ್ಲ. ಬಸ್ಸಿನ ಬೋರ್ಡಿನ ಮೇಲೂ ಅದರ ಹೆಸರಿಲ್ಲ. ಕಂಡಕ್ಟರನಿಗೆ "ಕೊನೇದು" ಅಂದರೆ ಸಾಕು, ಟಿಕೆಟ್ ಹರಿದು ಕೊಟ್ಟು ನಮ್ಮ ಮುಖವನ್ನು ಕನಿಕರದಿಂದ ನೋಡುತ್ತಾನೆ. ಆಗ ನನಗೆ ಇಪ್ಪತ್ತಮೂರು ವರ್ಷ. ಟ್ರೈನಿಂಗಿನಲ್ಲಿ ಮಕ್ಕಳ ಮನಸ್ಸಿನ ಬಗ್ಗೆ ಮೂರು ನೋಟ್‌ಬುಕ್ ತುಂಬ ಬರೆದುಕೊಂಡಿದ್ದೆ. ಎಂಥ ಶಾಲೆಯನ್ನಾದರೂ ಆರು ತಿಂಗಳಲ್ಲಿ ಸರಿಮಾಡಿಬಿಡುತ್ತೇನೆ ಎಂಬ ಧಿಮಾಕೂ ಇತ್ತು.

ಶಾಲೆ ಊರಿನಿಂದ ಕಾಲು ಗಂಟೆಯ ದಾರಿ, ಒಂದು ಬೋಳು ದಿಬ್ಬದ ಮೇಲೆ. ಹಿಂದೆ ಅದು ಸುಣ್ಣದ ಗೂಡಾಗಿತ್ತಂತೆ. ಆದರೂ ಅಲ್ಲಿ ಬರೆಯಲು ಒಂದು ತುಂಡು ಸೀಮೆಸುಣ್ಣ ಸಿಗುತ್ತಿರಲಿಲ್ಲ. ಐದು ತರಗತಿಗಳಿಗೆ ಒಂದು ಕೋಣೆ, ಒಬ್ಬಳು ಟೀಚರು. ಕುರ್ಚಿಗೆ ಮೂರು ಕಾಲು, ನಾಲ್ಕನೆಯದು ಕೂತವರ ಎಡಗಾಲು. ಗೋಡೆಯ ಮೇಲಿನ ಭೂಪಟದಲ್ಲಿ ಎರಡು ರಾಜ್ಯಗಳನ್ನು ಇಲಿ ತಿಂದು ಹಾಕಿತ್ತು. ಅಲ್ಲಿ ಏನಿದೆ ಎಂದು ಮಕ್ಕಳನ್ನು ಕೇಳಿದರೆ, "ಇಲಿ ಅವೆ ಮಿಸ್" ಎನ್ನುತ್ತಿದ್ದವು. ಶಾಲೆಯ ಹಿಂದಿನ ಉಗ್ರಾಣವೇ ನನ್ನ ಮನೆ. ಅಕ್ಕಿ ಮೂಟೆ ಒಂದು ಮೂಲೆಗೆ, ನಾನು ಒಂದು ಮೂಲೆಗೆ.

ಮೊದಲ ದಿನ ನನ್ನನ್ನು ಎದುರುಗೊಂಡವಳು ಬಿಸಿಯೂಟದ ಅಡುಗೆಯ ಹೊಂಬಾಳಮ್ಮ. ನನ್ನನ್ನು ಮೆಟ್ಟಿಲ ಮೇಲೆ ಕೂರಿಸಿ ಒಂದು ಚೊಂಬು ನೀರು ಕೊಟ್ಟು, "ಏಳವ್ವ" ಅಂದಳು. ನಾನು ಗಡಬಡಿಸಿ ಎದ್ದು ನಿಂತೆ. "ಯಾಕ್ ನಿಂತ್ಕಂಡೆ? ಎಸ್ರು ಏಳವ್ವ" ಅಂದಳು. ಹೆಸರು ಕೇಳುತ್ತಿದ್ದಾಳೆ ಎಂದು ತಿಳಿಯುವುದಕ್ಕೆ ನಾನು ಇನ್ನೊಂದು ಸಲ ಕೂತು ಎದ್ದಿದ್ದೆ. ನನ್ನ ಹೆಸರು ವಿಶಾಲಾಕ್ಷಿ ಎಂದೆ. ಅವಳು ಬೆರಳು ಮಡಿಚಿ ಏನೋ ಎಣಿಸಿ ನಿಟ್ಟುಸಿರು ಬಿಟ್ಟಳು. "ಐದು ಮನೆ ಬೇಕಲ್ಲವ್ವ ನಿನ್ನ ಎಸ್ರಿಗೆ. ಇವತ್ತು ಸಸಿಧರನ ಮಗ ಬಂದಿಲ್ಲ. ಕೊನೇದು ಮೂಡಕಿಲ್ಲ."

ಅದು ನಿಜವಾಯಿತು. ಹಾಜರಿ ಪುಸ್ತಕದಲ್ಲಿ ಸಹಿ ಮಾಡಿದರೆ ಅದು "ವಿಶಾಲಾಕಿ" ಎಂದು ಮೂಡಿತು. ಪೆನ್ನನ್ನು ಒತ್ತಿ ತಿದ್ದಿದೆ, ಕಾಗದ ಹರಿಯಿತೇ ಹೊರತು ಅಕ್ಷರ ಬರಲಿಲ್ಲ. ಆ ಪುಸ್ತಕದ ಹಾಳೆಯೇ ಮೇಲಧಿಕಾರಿಗಳ ಕಚೇರಿಗೆ ಹೋದ್ದರಿಂದ ವರ್ಷ ಪೂರ್ತಿ ನನಗೆ ಬಂದ ಸರ್ಕಾರಿ ಪತ್ರಗಳೆಲ್ಲ ಕುಮಾರಿ ವಿಶಾಲಾಕಿ ಅವರಿಗೇ ಬಂದವು.

ಆ ಊರಿನಲ್ಲಿ ಮೂವತ್ತನಾಲ್ಕು ಮನೆ, ಒಂದೊಂದು ಮನೆಗೆ ಒಂದೊಂದು ವ್ಯಂಜನ, ಸಸಿಧರನದು ಷ. ಆ ಮನೆಯವರು ಯಾರಾದರೂ ಕೂಗಳತೆಯಲ್ಲಿ ಇದ್ದರೆ ಅವರ ಅಕ್ಷರ ಮೂಡುತ್ತದೆ, ಇಲ್ಲದಿದ್ದರೆ ಇಲ್ಲ. ಸ್ವರಗಳೂ ಅನುಸ್ವಾರದ ಸೊನ್ನೆಯೂ ಕೆರೆಯ ನೀರಿನ ಹಾಗೆ ಊರೊಟ್ಟಿನವು. ಅಚ್ಚಾದ ಪುಸ್ತಕಕ್ಕೆ ತೊಂದರೆ ಇರಲಿಲ್ಲ, ಬಾಯಿಮಾತಿಗೂ ಇರಲಿಲ್ಲ, ಕೈಯಲ್ಲಿ ಬರೆಯುವುದಕ್ಕೆ ಮಾತ್ರ ಈ ಕಟ್ಟಳೆ. ಊರಿನಿಂದ ಅಷ್ಟು ದೂರ ಇದ್ದ ನಮ್ಮ ಶಾಲೆಯಲ್ಲಿ ಆಯಾ ದಿನ ಬಂದ ಮಕ್ಕಳಷ್ಟೇ ನಮ್ಮ ಅಕ್ಷರಮಾಲೆ.

"ನೀವು ಯಾವ ಮನೆಯವರು?" ಎಂದು ಹೊಂಬಾಳಮ್ಮನನ್ನು ಕೇಳಿದೆ.

"ನಾವು ಅ ಮನೆಯೋರು."

"ಸ್ವರಗಳು ಊರಿಗೆಲ್ಲ ಸೇರಿದ್ದು ಅಂದ್ರಲ್ಲ?"

"ಆ ಅ ಅಲ್ಲ ಕಣವ್ವ, ನಮ್ ಅ. ಆಲು, ಅಣ್ಣು, ಊವು ಅಂತೀವಲ್ಲ, ಆ ಅ."

ಹಾಲು, ಹಣ್ಣು, ಹೂವು. ಇಡೀ ಊರಿನಲ್ಲಿ ಯಾರ ಬಾಯಲ್ಲೂ ಹೊರಡದ ಅಕ್ಷರಕ್ಕೆ ಅವಳು ಒಡತಿ. ಅದರ ಬಗ್ಗೆ ಅವಳಿಗೆ ಬೇಸರವೇನೂ ಇರಲಿಲ್ಲ. "ಮಾತಲ್ ಬಿಟ್ರೂ ಬರಿಯೋವಾಗ ನಮ್ ಮನೆ ಬಾಗ್ಲಿಗೇ ಬರ್ಬೇಕಲ್ಲ" ಎನ್ನುತ್ತಿದ್ದಳು.

ಸಂಜೆ ಮಕ್ಕಳೂ ಹೊಂಬಾಳಮ್ಮನೂ ಊರಿಗೆ ಇಳಿದ ಮೇಲೆ ದಿಬ್ಬದ ಮೇಲೆ ನನ್ನ ಪಾಲಿಗೆ ಉಳಿಯುತ್ತಿದ್ದದ್ದು ಬರೀ ಸ್ವರಗಳು. ಇದು ತಲೆಗೆ ಹೋಗುವ ಮೊದಲು ನಾನು ಅಮ್ಮನಿಗೆ "ಅಮ್ಮ, ಆರಾಮ. ಊಟ ಆಯಿತು. ಏನೂ ಇಲ್ಲ" ಎಂದು, ಮನೆಯಲ್ಲೇ ವಿಳಾಸ ಬರೆದು ತಂದಿದ್ದ ಒಂದು ಕಾರ್ಡು ತುಂಬಿಸಿ, ಮಬ್ಬುಗತ್ತಲಲ್ಲಿ ನೋಡದೆ ಅಂಚೆಗೆ ಕಳಿಸಿಬಿಟ್ಟಿದ್ದೆ. ಅಮ್ಮನ ಕೈಗೆ ಸಿಕ್ಕ ಕಾರ್ಡಿನಲ್ಲಿ "ಅ ಆ ಊ ಆ ಏ ಇ" ಎಂದು ಮಾತ್ರ ಇತ್ತು. ಮಗಳನ್ನು ಯಾರೋ ಹಿಡಿದು ಬಡಿಯುತ್ತಿದ್ದಾರೆ ಎಂದುಕೊಂಡು ಅವಳು ಅಣ್ಣನನ್ನು ಕಟ್ಟಿಕೊಂಡು ಮರುದಿನದ ಬಸ್ಸಿಗೇ ಬಂದು ಇಳಿದಳು. ಬಂದವಳು ನನ್ನ ಕುರ್ಚಿ ನೋಡಿ, ಬಡಿತವೇ ವಾಸಿಯಿತ್ತು ಎಂಬ ಮುಖ ಮಾಡಿಕೊಂಡು ಹೋದಳು.

ಕಚೇರಿಗೆ ಬರೆಯುವುದು ಇದಕ್ಕಿಂತ ಕಷ್ಟ. ಸರ್ಕಾರಿ ಕಾಗದವನ್ನು ಶಾಲೆಯಲ್ಲೇ ಬರೆದು ಹನ್ನೆರಡರ ಬಸ್ಸಿನ ಕಂಡಕ್ಟರನಿಗೆ ಕೊಡಬೇಕು. ಅಷ್ಟರೊಳಗೆ ಯಾರು ಬಂದಿದ್ದಾರೋ ಅವರನ್ನು ನೆಚ್ಚಿಕೊಂಡೇ ಬರೆಯಬೇಕು. ಸೀಮೆಸುಣ್ಣ ಕೇಳೋಣವೆಂದು ಕೂತ ದಿನ ಸ ಮನೆಯ ಹುಡುಗಿಗೆ ಕೆಮ್ಮು. "ಶಾಲೆಗೆ ಬಿಳಿ ಕಡ್ಡಿ ಬೇಕು" ಎಂದು ಬರೆದೆ. ನಾಲ್ಕು ತಿಂಗಳ ಮೇಲೆ ಎರಡು ಕಟ್ಟು ತೆಂಗಿನ ಕಡ್ಡಿಯ ಪೊರಕೆ ಬಂದವು. ಕುರ್ಚಿ ಕೇಳುವ ದಿನ ಚ ಮನೆಯ ಮಕ್ಕಳು ಮಾವನ ಮದುವೆಗೆ ಹೋಗಿದ್ದವು. "ಕೂರಲು ಏನಾದರೂ ದಯಪಾಲಿಸಬೇಕು" ಎಂದು ಬರೆದೆ. ನಿಮ್ಮನ್ನು ನೇಮಿಸಿರುವುದು ಕೂರುವುದಕ್ಕಲ್ಲ ಎಂದು ವಾರದೊಳಗೆ ಉತ್ತರ ಬಂತು.

ಊರಿನವರು ಇದಕ್ಕೆಲ್ಲ ಎಂದೋ ಹೊಂದಿಕೊಂಡಿದ್ದರು. ನ ಮನೆಯಲ್ಲಿ ಅವಳಿ ಹುಡುಗರಿದ್ದರು. ಆ ಅಕ್ಷರವಿಲ್ಲದೆ ಒಂದು ಸಾಲೂ ಸಾಗದ್ದರಿಂದ ಇಬ್ಬರಿಗೂ ಒಟ್ಟಿಗೆ ಜ್ವರ ಬರುವ ಹಾಗಿರಲಿಲ್ಲ, ಸರದಿಯ ಮೇಲೆ ಮಲಗುತ್ತಿದ್ದರು. ನ, ಮ, ರ ಮನೆಯವರು ಬರದ ದಿನ ನಾವು ಬರವಣಿಗೆಯ ಗೊಡವೆಗೇ ಹೋಗದೆ ಮಗ್ಗಿ ಹೇಳುತ್ತಿದ್ದೆವು. ಶ, ಷ, ಸ ಮನೆಗಳ ಹೆಂಗಸರು ಓರಗಿತ್ತಿಯರು. ಮಾತಿನಲ್ಲೆಲ್ಲ ಸ ಒಂದೇ ದುಡಿಯುತ್ತದೆ, ಉಳಿದವರು ಪುಸ್ತಕದಲ್ಲಿ ಕಾಲು ಚಾಚಿ ಕೂತಿದ್ದಾರೆ ಎಂದು ಸ ಮನೆಯವಳ ದೂರು. ಶಾಲಾ ಸಮಿತಿಯ ಅಧ್ಯಕ್ಷರಾದ ಕೆಂಚಪ್ಪನವರದು ಕ ಮನೆ. ಕನ್ನಡ ಎಂಬುದೇ ತಮ್ಮ ಮನೆಯ ಅಂಗಳದಿಂದ ಹೊರಡುವುದು ಎಂದು ಅವರು ಎಲ್ಲ ಭಾಷಣದಲ್ಲೂ ಹೇಳುತ್ತಿದ್ದರು. ಅವರ ಮಗ ಲಿಂಗರಾಜ ಐದನೇ ತರಗತಿಯಲ್ಲಿ ಎರಡನೇ ವರ್ಷ ಕೂತಿದ್ದ.

ಕ ಖ ಗ ಘ ಆದ ಮೇಲೆ ಬರುವ ಙ ಇದೆಯಲ್ಲ, ಅದು ಮೊರ ಹೆಣೆಯುವ ಬೆಟ್ಟಯ್ಯನ ಮನೆಯದು. ಆ ಅಕ್ಷರವನ್ನು ಹೇಳಲು ಬಾರದೆ ಊರವರು ಅದನ್ನು ಮೂಗಿನ ಮನೆ ಎಂದು ಕರೆಯುತ್ತಿದ್ದರು. ಶಾಲೆ ತೆರೆದು ಒಂಬತ್ತು ವರ್ಷವಾಗಿತ್ತು. ಮೊದಲ ಐದು ವರ್ಷ ಬೆಟ್ಟಯ್ಯನ ದೊಡ್ಡ ಮಗಳು, ಆಮೇಲಿನ ನಾಲ್ಕು ವರ್ಷ ಚಿಕ್ಕವಳು ನಿಂಗಿ ಒಂದು ದಿನವೂ ತಪ್ಪಿಸದೆ ಬಂದಿದ್ದರು. ಬರದಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ ಎಂಬ ಕಾರಣಕ್ಕೇ ಬರುತ್ತಿದ್ದರೋ ಏನೋ. ಬೇರೆ ಮಕ್ಕಳು ತಡವಾದರೆ ಇಡೀ ತರಗತಿ "ಪ ಬಂತು, ಪ ಬಂತು" ಎಂದು ಕೂಗುತ್ತಿತ್ತು. ನಿಂಗಿ ಬಂದು ಕಿಟಕಿಯ ಪಕ್ಕ ಕೂತದ್ದು ಕಿಟಕಿಗಷ್ಟೇ ತಿಳಿಯುತ್ತಿತ್ತು. ನಾನೂ ಅವಳನ್ನು ಹೆಚ್ಚು ಗಮನಿಸಲಿಲ್ಲ. ಚೆನ್ನಾಗಿ ಓದುತ್ತಿದ್ದಳು, ತಂಟೆ ಮಾಡುತ್ತಿರಲಿಲ್ಲ. ಅಂಥ ಮಕ್ಕಳನ್ನು ನಾವು ಟೀಚರುಗಳು ಮರೆತುಬಿಡುತ್ತೇವೆ.

ಫೆಬ್ರವರಿಯಲ್ಲಿ ವಾರ್ಷಿಕೋತ್ಸವ ಮಾಡೋಣವೆಂದು ನನಗೆ ಹುಮ್ಮಸ್ಸು ಬಂತು. ಪ್ರತಿ ಮನೆಯಿಂದ ಒಂದು ಮಗು ತಮ್ಮ ಅಕ್ಷರದ ಟೋಪಿ ಹಾಕಿಕೊಂಡು ಮುಂದೆ ಬಂದು ಒಂದು ಪದ ಹೇಳುವುದು, ಅಪ್ಪ ಅಮ್ಮ ಚಪ್ಪಾಳೆ ತಟ್ಟುವುದು. ಟೋಪಿಗೆ ರಟ್ಟು ಬೇಕಲ್ಲ. ಅಂಗಡಿಯಿಂದ ಬಿಸ್ಕತ್ತಿನ ಖಾಲಿ ಡಬ್ಬಗಳನ್ನು ಬೇಡಿ ತಂದು ಕತ್ತರಿಸಿದೆ. ಎಷ್ಟು ಹಿಂಡಿದರೂ ಮೂವತ್ತಮೂರೇ ಟೋಪಿ ಆದವು. ಒಂದು ಕಡಿಮೆ. ಞ, ಣ, ಳ ಪದದ ಮೊದಲಿಗೆ ಬರದಿದ್ದರೂ ಜ್ಞಾನ, ಅಣ್ಣ, ಹಳ್ಳಿ ಎಂದು ನಡುವೆಯಾದರೂ ಸಿಗುತ್ತಿದ್ದವು, ಙ ಎಲ್ಲೂ ಕಾಣಲಿಲ್ಲ. ನನಗೆ ಯೋಚನೆಯೇ ಬೇಕಾಗಲಿಲ್ಲ.

"ನಿಂಗಿ, ನಿನ್ನ ಅಕ್ಷರದಿಂದ ಒಂದು ಪದಾನೂ ಶುರುವಾಗಲ್ಲವಲ್ಲೇ. ನೀನು ಪರದೆ ಎಳಿ" ಅಂದೆ. ಮಕ್ಕಳೆಲ್ಲ ನಕ್ಕವು. ನಾನೂ ನಕ್ಕೆ. ನಿಂಗಿ ಹಗ್ಗ ಎಲ್ಲಿದೆ ಮಿಸ್ ಎಂದು ಕೇಳಿದಳು. ಇದನ್ನು ಬರೆಯುವಾಗ ಈಗಲೂ ನನ್ನ ಕಿವಿ ಬಿಸಿಯಾಗುತ್ತದೆ.

ಶನಿವಾರ ಸಂಜೆ ಊರೆಲ್ಲ ಬಂತು. ಬೆಟ್ಟಯ್ಯ ಒಗೆದ ಅಂಗಿ ಹಾಕಿಕೊಂಡು, ತಲೆಗೆ ಎಣ್ಣೆ ಹಚ್ಚಿಕೊಂಡು ಮುಂದಿನ ಸಾಲಿನಲ್ಲಿ ಕೂತಿದ್ದ. ಕ ಬಂತು, ಕಮಲ ಎಂದಿತು. ಖ ಖರ್ಜೂರ ಎಂದಿತು. ಗ ಗಡಿಯಾರ ಎಂದಿತು. ಘ ಮನೆಯ ಹುಡುಗಿ ಘಮಘಮ ಎಂದು ಹೇಳಿ ನಾಚಿಕೊಂಡಳು. ಬೆಟ್ಟಯ್ಯ ಬೆನ್ನು ನೆಟ್ಟಗೆ ಮಾಡಿ ಕುತ್ತಿಗೆ ಚಾಚಿದ. ಚ ಮನೆಯ ಹುಡುಗ ಬಂದು ಚಮಚ ಎಂದ. ಬೆಟ್ಟಯ್ಯ ಚಾಚಿದ ಕುತ್ತಿಗೆಯನ್ನು ಹಾಗೇ ಹಿಡಿದುಕೊಂಡು ಕೊನೆಯ ಳ ಬರುವ ತನಕ ಕೂತಿದ್ದ. ಆಮೇಲೆ ಪರದೆ ಮುಚ್ಚಿತು. ಯಾರು ಮುಚ್ಚಿದರು ಎಂದು ಅವನು ಹಿಂದೆ ಬಂದು ನೋಡಿದ. ನಿಂಗಿ ಎರಡು ಕೈಯಲ್ಲೂ ಹಗ್ಗ ಹಿಡಿದುಕೊಂಡು ನಿಂತಿದ್ದಳು. ಅವನು ಹಗ್ಗವನ್ನು ಅವಳ ಕೈಯಿಂದ ಬಿಡಿಸಿ ನನ್ನ ಕೈಗೆ ಕೊಟ್ಟು, ಮಗಳನ್ನು ಕರೆದುಕೊಂಡು ದಿಬ್ಬ ಇಳಿದ.

ಭಾನುವಾರ ಕೋತಿಗಳ ದಂಡು ಬಂದು ಶಾಲೆಯ ಹೆಂಚುಗಳ ಮೇಲೆ ಕುಣಿದು ಹನ್ನೆರಡು ಹೆಂಚು ಪುಡಿ ಮಾಡಿತು. ಸೋಮವಾರ ನಾನು ಉರಿದುಕೊಂಡೇ ಇದ್ದೆ. ಬಸ್ಸಿನ ಹಾರ್ನು ಕೇಳುವಾಗ ಗೀಚಿ ಗೀಚಿ ಕಚೇರಿಗೆ ಪತ್ರ ಬರೆದು, ತಿರುಗಿಯೂ ನೋಡದೆ ಕಂಡಕ್ಟರನ ಕೈಗಿಟ್ಟೆ. ಮಧ್ಯಾಹ್ನ ಎರಡನೇ ತರಗತಿಗೆ ಹಲಗೆಯ ಮೇಲೆ "ಮರದ ಮೇಲೆ ಮಂಗ ಇದೆ" ಎಂದು ಬರೆದೆ. ಮಕ್ಕಳು ಒಕ್ಕೊರಲಿನಿಂದ ಓದಿದವು: "ಮರದ ಮೇಲೆ ಮಗ ಇದೆ."

ತಿರುಗಿ ನೋಡಿದೆ. ಸೊನ್ನೆ ಇರಲಿಲ್ಲ. ಮತ್ತೆ ಇಟ್ಟೆ, ನಾನೇ ದುಡ್ಡು ಕೊಟ್ಟು ತಂದಿದ್ದ ಸುಣ್ಣದ ಕಡ್ಡಿ ಹಲಗೆಯ ಮೇಲೆ ಜಾರಿತು. ತಂಗಿ ಎಂದು ಬರೆದರೆ ತಗಿ, ಬೆಂಕಿ ಎಂದು ಬರೆದರೆ ಬೆಕಿ. ಸೊನ್ನೆ ಸ್ವರಗಳ ಜೊತೆಯದು, ಊರೊಟ್ಟಿನದು, ಅದಕ್ಕೆ ಏನಾಯಿತು? ಹೊಂಬಾಳಮ್ಮ ಹಲಗೆಗೆ ನೀವಾಳಿಸಿ ಮೆಣಸಿನಕಾಯಿ ಒಲೆಗೆ ಹಾಕಿದಳು. ಎಲ್ಲರೂ ಕೆಮ್ಮಿದೆವು, ಸೊನ್ನೆ ಬರಲಿಲ್ಲ. ಹಲಗೆಗೆ ಥಂಡಿ ಹಿಡಿದಿದೆ ಎಂದು ನಾನು ಎರಡು ದಿನ ಅದನ್ನು ಬಿಸಿಲಿಗೆ ಒಣಗಿಸಿದೆ. ನಿಂಗಿ ಬಂದಿಲ್ಲ ಎಂಬುದನ್ನು ಹಾಜರಿಯಲ್ಲಿ ಗುರುತು ಹಾಕಿದ್ದೆ. ಎರಡನ್ನೂ ಜೋಡಿಸಿ ನೋಡುವ ಬುದ್ಧಿ ಬರಲಿಲ್ಲ.

ಗುರುವಾರ ಕಚೇರಿಯ ಉತ್ತರ ಬಂತು. ಸೀಮೆಸುಣ್ಣಕ್ಕೆ ನಾಲ್ಕು ತಿಂಗಳು ತೆಗೆದುಕೊಂಡವರು ಇದಕ್ಕೆ ಮೂರೇ ದಿನದಲ್ಲಿ ಎದ್ದು ಕೂತಿದ್ದರು. "ಶಾಲೆಯ ಹೆಂಚುಗಳನ್ನು ಮಗ ಒಡೆದು ಹಾಕಿದೆ ಎಂದು ತಿಳಿಸಿದ್ದೀರಿ. ಸದರಿ ಮಗ ಯಾರ ಮಗ ಎಂಬುದನ್ನು ತಾವು ಮುಚ್ಚಿಟ್ಟಿರುವುದು ಕಂಡುಬರುತ್ತದೆ. ಸೋಮವಾರ ಖುದ್ದಾಗಿ ಬಂದು ವಿಚಾರಣೆ ನಡೆಸಲಾಗುವುದು." ನಾನು ತಲೆಯ ಮೇಲೆ ಕೈ ಹೊತ್ತು ಕೂತೆ. ಸುದ್ದಿ ಊರಿಗೆ ಇಳಿದದ್ದೇ ತಡ, ಯಾರ ಮಗ ಎಂಬ ವಿಷಯದಲ್ಲಿ ಯಾರಿಗೂ ಅನುಮಾನ ಉಳಿಯಲಿಲ್ಲ. ಕೆಂಚಪ್ಪನವರು ಮನೆಯಲ್ಲಿ ಲಿಂಗರಾಜನನ್ನು ಕಂಬಕ್ಕೆ ಒರಗಿಸಿ ನಿಲ್ಲಿಸಿ ಎರಡು ಗಂಟೆ ವಿಚಾರಿಸಿದರಂತೆ. ಅವನು ಹೆಂಚು ಬಿಟ್ಟು ಬೇರೆ ಏಳು ತಪ್ಪುಗಳನ್ನು ಒಪ್ಪಿಕೊಂಡನಂತೆ.

ಶುಕ್ರವಾರ ಹೊಂಬಾಳಮ್ಮ ಬೆಟ್ಟಯ್ಯನ ಮಾತು ಹೊತ್ತು ತಂದಳು. "ಬಾನುವಾರ ನಿಂಗಿ ಸೋದರತ್ತೆ ಬತ್ತಾಳಂತೆ. ಅವ್ಳ ಮನೇಲಿ ಕೂಸದೆ, ನೋಡ್ಕಳಕ್ಕೆ ಕರ್ಕೊಂಡೋಗ್ತಾಳೆ. ಟೀಸಿ ಕೊಡ್ಬೇಕಂತೆ."

"ಕೂಸು ನೋಡಿಕೊಳ್ಳಕ್ಕೆ ಟಿಸಿ ಯಾಕೆ?"

"ನಂಗೇನ್ ಗೊತ್ತವ್ವ. ನನ್ ಮಗ್ಳು ನಾಲ್ಕ್ ವರ್ಸ ಇಲ್ಲಿ ಕುಂತಿದ್ಲು ಅನ್ನಾಕೆ ಒಂದು ಕಾಗ್ದ ಬೇಕು ಅಂದ."

ಊಟದ ಬಿಡುವಿನಲ್ಲಿ ಟಿಸಿ ಪುಸ್ತಕ ತೆಗೆದೆ. ವಿದ್ಯಾರ್ಥಿಯ ಹೆಸರು ಎಂಬಲ್ಲಿ ನಿಂಗಿ ಎಂದು ಬರೆದೆ. ಕಾಗದದ ಮೇಲೆ ನಿಗಿ ಎಂದು ಉಳಿಯಿತು. ಸೊನ್ನೆ ಇಟ್ಟೆ, ನಿಲ್ಲಲಿಲ್ಲ. ಇನ್ನೊಮ್ಮೆ ಇಟ್ಟೆ. ಪಕ್ಕದಲ್ಲಿ ಬಗ್ಗಿ ನೋಡುತ್ತಿದ್ದ ನ ಮನೆಯ ಅವಳಿಗಳ ಪೈಕಿ ಒಬ್ಬ, "ಮಿಸ್, ಗಂಟೆ ಬರೀತದೆ, ಕಂಬ ಬರೀತದೆ, ಪಂಚೆ ಬರೀತದೆ. ಗಂಗೆ ಬರಿಯಕಿಲ್ಲ, ಶಂಖ ಬರಿಯಕಿಲ್ಲ. ನಾವು ನೋಡಿವ್ನಿ" ಎಂದ. ಅವನ ಅಣ್ಣ, "ನೋಡಿವಿ ಅನ್ನು" ಎಂದು ತಿದ್ದಿದ.

ನಾನು ಗಂಟೆ ಎಂದು ಮೆಲ್ಲಗೆ ಹೇಳಿದೆ. ಸೊನ್ನೆಯ ಹತ್ತಿರ ನಾಲಿಗೆ ಣಕಾರಕ್ಕೆ ಮಡಿಚಿತು. ಕಂಬ ಎಂದೆ, ತುಟಿ ಮಕಾರಕ್ಕೆ ಕೂಡಿತು. ಹಿಂದೊಮ್ಮೆ ಣ ಮನೆಯ ಹುಡುಗ ಬರದ ದಿನ ಗಂಟೆ ಮೂಡದೆ, ಸುಣ್ಣದ ಕಡ್ಡಿ ಸರಿಯಿಲ್ಲವೆಂದು ಬೈದುಕೊಂಡದ್ದು ನೆನಪಾಯಿತು. ಕೊನೆಗೆ ನಿಂಗಿ ಎಂದೆ. ಮೂಗಿನ ಮೇಲೆ ಬೆರಳಿಟ್ಟುಕೊಂಡು ಇನ್ನೊಮ್ಮೆ ಎಂದೆ. ಮೂಗು ಗುಂಯ್ ಎಂದಿತು. ಕ ಖ ಗ ಘ ಎದುರಿಗೆ ಬಂದಾಗಲೆಲ್ಲ ಆ ಸೊನ್ನೆಯೊಳಗೆ ಕೂತು ದುಡಿಯುತ್ತಿದ್ದದ್ದು ಙ. ಊರೊಟ್ಟಿನದೆಂದು ನಾವೆಲ್ಲ ಬಳಸಿಕೊಂಡದ್ದು ಬೆಟ್ಟಯ್ಯನ ಮನೆಯದು. ಮೂರು ನೋಟ್‌ಬುಕ್ ತುಂಬ ಬರೆದುಕೊಂಡವಳಿಗೆ ಅದು ಗೊತ್ತಿರಲಿಲ್ಲ. ನನಗೆ ಅಲ್ಲೇ ಅಳು ಬಂತು. ಮಕ್ಕಳು ಮೆಣಸಿನಕಾಯಿಯ ಘಾಟು ಇನ್ನೂ ಹೋಗಿಲ್ಲ ಎಂದುಕೊಂಡವು.

ಸಂಜೆ ಟಿಸಿ ಹಿಡಿದುಕೊಂಡು ಊರಿಗೆ ಇಳಿದೆ. ಬೆಟ್ಟಯ್ಯನ ಮನೆ ಊರಿನ ನಟ್ಟನಡುವೆ, ಎಲ್ಲರ ಕೂಗಳತೆಯಲ್ಲಿ. ಅವನು ಜಗುಲಿಯ ಮೇಲೆ ಬಿದಿರು ಸೀಳುತ್ತಿದ್ದ. ಪಕ್ಕದಲ್ಲಿ ನಿಂಗಿ ಸೀಳಿದ್ದನ್ನು ಜೋಡಿಸುತ್ತಿದ್ದಳು. ನಾನು ಕಾಗದ ಕೊಟ್ಟೆ. ಅವನು ಕೈ ಒರೆಸಿಕೊಂಡು ಅಕ್ಷರ ಕೂಡಿಸಿ ಓದಿದ.

"ನಿಗಿ ಅಂತದೆ. ಇದು ನನ್ ಮಗಳಲ್ಲ."

"ಅಲ್ಲ" ಅಂದೆ. "ನಿಮ್ಮ ಮಗಳು ಇಲ್ಲದೆ ನಿಮ್ಮ ಮಗಳ ಹೆಸರು ಬರೆಯಕ್ಕೆ ಬರಲಿಲ್ಲ, ಬೆಟ್ಟಯ್ಯನವರೆ."

ಅವನ ಎದುರಿಗೇ ಪೆನ್ನು ತೆಗೆದು ಸೊನ್ನೆ ಇಟ್ಟೆ. ಕಪ್ಪಗೆ, ದುಂಡಗೆ ಕೂತಿತು. ಒಂದು ವಾರದಿಂದ ಹಲಗೆಯ ಮೇಲೆ ಏನೇನಾಯಿತು, ನನ್ನ ಮೂಗು ಏನು ಹೇಳಿತು, ಎಲ್ಲವನ್ನೂ ಹೇಳಿದೆ. "ಅವತ್ತು ನಾನು ಮಾಡಿದ್ದು ತಪ್ಪು. ಟೋಪಿ ಕಡಿಮೆಯಾಗಿತ್ತು, ನಿಜ. ಆದರೆ ಯಾರಿಗೆ ಕಡಿಮೆ ಮಾಡಬೇಕು ಅಂತ ನಾನು ಒಂದು ಗಳಿಗೇನೂ ಯೋಚನೆ ಮಾಡಲಿಲ್ಲ. ನಿಮ್ಮ ಮಗಳನ್ನ ನೋಡಿ ನಕ್ಕೆ. ಅವಳನ್ನ ಕಳಿಸಬೇಡಿ."

ಬೆಟ್ಟಯ್ಯ ಬಹಳ ಹೊತ್ತು ಆ ಸೊನ್ನೆಯನ್ನು ನೋಡಿದ. "ನಮ್ಮಪ್ಪ ಸಾಯೋವಾಗ ನನ್ ಕೈ ಇಡ್ಕಂಡು, ಮಗಾ ನಿಂಗೆ ಏನೂ ಬಿಟ್ಟೋಗ್ತಿಲ್ಲ ಅಂದ" ಎಂದ. ಆಮೇಲೆ, "ನೀವ್ ನಕ್ಕಿದ್ದು ನನ್ ನೋಡಲ್ಲ ಮೇಡಂ. ಅವ್ಳ್ ನೋಡಿ. ಅವ್ಳನ್ನೇ ಕೇಳಿ" ಎಂದು ಬಿದಿರು ಸೀಳಲು ಕೂತ.

ನಿಂಗಿ ನನ್ನ ಕೈಯಿಂದ ಪೆನ್ನು ತೆಗೆದುಕೊಂಡು ಟಿಸಿಯನ್ನು ಮಗುಚಿ ಹಾಕಿ ಬೆನ್ನಿಗೆ ಬರೆಯತೊಡಗಿದಳು. ತೆಂಗು, ಹಿಂಗು, ಲಂಗ, ಬಂಗಾರ, ಶಂಖ, ತಿಂಗಳು. ಒಂದೊಂದು ಬರೆದು ತಡೆದು, ಸೊನ್ನೆ ನಿಂತಿದೆಯೇ ಎಂದು ಬೆರಳಿನಿಂದ ಮುಟ್ಟಿ ನೋಡುತ್ತಿದ್ದಳು. ಕಾಗದದಲ್ಲಿ ಜಾಗ ಮುಗಿದ ಮೇಲೆ ಪೆನ್ನು ವಾಪಸು ಕೊಟ್ಟಳು.

"ಸೋಮವಾರ ಬರ್ತೀಯಾ?" ಎಂದು ಕೇಳಿದೆ.

"ಯೋಚ್ನೆ ಮಾಡ್ತೀನಿ" ಅಂದಳು. ನಾನು ಮೂರು ರಾತ್ರಿ ನಿದ್ದೆಗೆಟ್ಟೆ.

ಸೋಮವಾರ ಇನ್ಸ್‌ಪೆಕ್ಟರು ನೀಲಕಂಠಯ್ಯನವರು ಬಸ್ಸಿನಿಂದ ಇಳಿದು, ದಿಬ್ಬ ಹತ್ತಿ, ನಮ್ಮ ಕುರ್ಚಿಯ ಮೇಲೆ ಕೂತು, ಎರಡನೇ ಪ್ರಯತ್ನದಲ್ಲಿ ಎಡಗಾಲು ಎಲ್ಲಿಡಬೇಕೆಂದು ಕಲಿತರು. ನಿಂಗಿ ಬಂದಿರಲಿಲ್ಲ. ಸೋದರತ್ತೆ ಭಾನುವಾರವೇ ಬಂದಳು ಎಂದು ಹೊಂಬಾಳಮ್ಮ ಹೇಳಿದ್ದಳು; ನಿಂಗಿಯನ್ನು ಕರೆದುಕೊಂಡು ಹೋದಳೋ ಇಲ್ಲವೋ ಹೊಂಬಾಳಮ್ಮನಿಗೂ ಗೊತ್ತಿರಲಿಲ್ಲ. ಕೆಂಚಪ್ಪನವರು ಲಿಂಗರಾಜನ ರಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದರು.

"ಮೊದಲನೆಯದಾಗಿ," ಎಂದರು ಇನ್ಸ್‌ಪೆಕ್ಟರು ನನ್ನ ಪತ್ರ ತೆಗೆದು, "ಮಗ ಒಡೆದು ಹಾಕಿದೆ ಅಂತ ಬರೆದಿದ್ದೀರಿ. ಹಾಕಿದ್ದಾನೆ ಅಂತ ಆಗಬೇಕಲ್ಲವೇನಮ್ಮ? ನೀವೇ ಹೀಗೆ ಬರೆದರೆ ಮಕ್ಕಳ ವ್ಯಾಕರಣ ಏನಾಗಬೇಕು?"

"ಸಾರ್, ಅದು ಮಗ ಅಲ್ಲ, ಮಂಗ."

"ಯಾರ ಮಗ ಆದರೂ ಹಾಗೆಲ್ಲ ಅನ್ನಬಾರದು."

"ನಿಜವಾದ ಮಂಗ ಸಾರ್. ಬಾಲ ಇರೋದು."

"ಅಂಗಾದ್ರೆ ನಮ್ ಉಡ್ಗ ಅಲ್ಲ" ಎಂದರು ಕೆಂಚಪ್ಪನವರು ಅವಸರದಿಂದ. ಇನ್ಸ್‌ಪೆಕ್ಟರು ತಪಾಸಣೆಯ ಪುಸ್ತಕ ತೆರೆದು, ಹೆಂಚು ಒಡೆದದ್ದು ಮಂಗ ಎಂದು ತಾವೇ ಬರೆದರು. ಮಗ ಎಂದು ಮೂಡಿತು. ಪೆನ್ನು ಕೊಡವಿದರು, ಹಾಳೆಯ ಅಂಚಿನಲ್ಲಿ ಗೀಚಿ ನೋಡಿದರು, ನನ್ನ ಪೆನ್ನು ಇಸಿದುಕೊಂಡರು. ಮೂರು ಸಲವೂ ಮಗನೇ. ಸಾಕ್ಷಿಯಾಗಿ ಲಿಂಗರಾಜನ ಹೆಸರು ಬರೆಯಲು ಹೋದರೆ ಲಿಗರಾಜ ಆಯಿತು. ಅವರು ಬೆವರು ಒರೆಸಿಕೊಂಡು, "ಇರಲಿ, ಮೊದಲು ಮಕ್ಕಳನ್ನ ನೋಡೋಣ" ಎಂದು ಪುಸ್ತಕ ಮುಚ್ಚಿದರು.

ಸಾಲಾಗಿ ನಿಂತ ಮಕ್ಕಳನ್ನು ಅವರು ಅಕ್ಷರದ ಪ್ರಕಾರ ಕೇಳುತ್ತ ಬಂದರು. ಕ? ಕಮಲ ಸಾರ್. ಖ? ಖರ್ಜೂರ ಸಾರ್. ಗ? ಘ? ಘಮಘಮ ಸಾರ್. "ಭೇಷ್. ಚ?"

ಚ ಮನೆಯ ಹುಡುಗ ಬಾಯಿ ತೆರೆದ. ಆದರೆ ಅವನು ಇನ್ಸ್‌ಪೆಕ್ಟರನ್ನು ನೋಡುತ್ತಿರಲಿಲ್ಲ, ಅವರ ಬೆನ್ನ ಹಿಂದಿನ ಬಾಗಿಲನ್ನು ನೋಡುತ್ತಿದ್ದ. ನಾನೂ ನೋಡಿದೆ. ನಿಂಗಿ ಹೊಸಲಿನ ಆಚೆ ನಿಂತಿದ್ದಳು. ಒಳಗೆ ಕಾಲಿಟ್ಟಿರಲಿಲ್ಲ. ಅವಳ ಹಿಂದೆ ಬೆಟ್ಟಯ್ಯ, ಅದೇ ಒಗೆದ ಅಂಗಿಯಲ್ಲಿ. ಇಬ್ಬರೂ ನನ್ನ ಮುಖವನ್ನೇ ನೋಡುತ್ತಿದ್ದರು.

"ಒಬ್ಬಳನ್ನ ಬಿಟ್ಟಿರಿ ಸಾರ್" ಅಂದೆ.

"ಯಾರನ್ನ?"

"ಘ ಆದ ಮೇಲೆ ಚ ಅಲ್ಲ ಸಾರ್. ಙ."

"ಅಯ್ಯೋ ಬಿಡಿ ಮೇಡಂ, ಅದರಿಂದ ಒಂದು ಪದಾನೂ ಶುರುವಾಗಲ್ಲ" ಎಂದು ಅವರು ನಕ್ಕರು. ಅದೇ ಮಾತು, ಅದೇ ನಗು. ಮಕ್ಕಳು ಯಾರೂ ನಗಲಿಲ್ಲ.

ನಿಂಗಿ ಹೊಸಲು ದಾಟಿ ಒಳಗೆ ಬಂದು, ಘ ಮತ್ತು ಚ ನಡುವೆ ಭುಜ ತೂರಿಸಿ ಜಾಗ ಮಾಡಿಕೊಂಡು ನಿಂತಳು. "ನಾವು ಮೊದಲಿಗೆ ಬರಲ್ಲ ಸಾರ್" ಅಂದಳು. "ನಡುವೆ ಇರ್ತೀವಿ. ಈಗ ಬರೀರಿ."

ಇನ್ಸ್‌ಪೆಕ್ಟರು ಏನು ಬರೆಯಬೇಕೆಂದು ಕೇಳಲಿಲ್ಲ. ಪುಸ್ತಕ ತೆರೆದು ಮಂಗ ಎಂದು ಬರೆದರು. ಸೊನ್ನೆ ಮೂಡಿತು. ಅವರು ಅದನ್ನು ಹತ್ತಿರ ಹಿಡಿದು ನೋಡಿದರು, ದೂರ ಹಿಡಿದು ನೋಡಿದರು, ನಿಂಗಿಯನ್ನು ನೋಡಿದರು. ಆಮೇಲೆ ಮೂವತ್ತು ವರ್ಷ ಸರ್ಕಾರಿ ಕೆಲಸ ಮಾಡಿದವರ ಜಾಣತನದಿಂದ ಯಾವ ಪ್ರಶ್ನೆಯನ್ನೂ ಕೇಳದೆ, ಹೆಂಚು ಒಡೆದದ್ದು ಮಂಗ, ಮಕ್ಕಳ ಕಲಿಕೆ ತೃಪ್ತಿಕರ ಎಂದು ಬರೆದು ಸಹಿ ಹಾಕಿ ಬಸ್ಸಿಗೆ ಓಡಿದರು. ಬೆಟ್ಟಯ್ಯ ಬಾಗಿಲಲ್ಲೇ ನಿಂತು, ಯಾರೂ ಹೇಳದಿದ್ದರೂ, ಒಬ್ಬನೇ ಚಪ್ಪಾಳೆ ತಟ್ಟಿದ. ಸೋದರತ್ತೆ ಆ ದಿನವೇ ಬರಿಗೈಯಲ್ಲಿ ವಾಪಸು ಹೋದಳಂತೆ.

ಹೆಂಚು ಬರಲಿಲ್ಲ. ಅದರ ಬದಲು ಮಂಗಗಳನ್ನು ಓಡಿಸಲು ಇನ್ನೊಂದು ಕಟ್ಟು ಪೊರಕೆ ಬಂತು. ಕೆಂಚಪ್ಪನವರು ತಮ್ಮ ಮಗನ ಹೆಸರು ಪೂರ್ತಿ ಬರೆಯಬೇಕಾದರೆ ಬೆಟ್ಟಯ್ಯ ಊರಲ್ಲಿರಬೇಕು ಎಂಬುದನ್ನು ಅರಗಿಸಿಕೊಳ್ಳಲು ಒಂದು ತಿಂಗಳು ತೆಗೆದುಕೊಂಡರು. ಊರವರು ಮೂಗಿನ ಮನೆಗೆ ದಾರಿಯಲ್ಲಿ ನಿಂತು ನಮಸ್ಕಾರ ಮಾಡತೊಡಗಿದರು. ನಿಂಗಿ ಮಾತ್ರ ಹಾಗೆಯೇ ಇದ್ದಳು. ದಿನವೂ ಬರುತ್ತಿದ್ದಳು, ಕಿಟಕಿಯ ಪಕ್ಕ ಕೂರುತ್ತಿದ್ದಳು. ನನಗೆ ಸಮಾಧಾನವಾಗಿತ್ತು. ಎಲ್ಲ ಸರಿಹೋಯಿತು ಎಂದುಕೊಂಡೆ.

ಏಪ್ರಿಲಿನ ಮೊದಲ ವಾರ, ಬೇಸಿಗೆ ರಜೆಗೆ ಐದೇ ದಿನ ಇರುವಾಗ, ಅವಳು ನನ್ನ ಮುಂದೆ ಒಂದು ಚೀಟಿ ಇಟ್ಟಳು. ನಾಲ್ಕು ವರ್ಷದಲ್ಲಿ ಅವಳ ಮೊದಲ ರಜಾ ಅರ್ಜಿ. ಕಾರಣ ಎಂಬಲ್ಲಿ ಏನೂ ಬರೆದಿರಲಿಲ್ಲ.

"ಯಾಕೆ ರಜೆ? ಹುಷಾರಿಲ್ಲವಾ?"

"ಉಸಾರಾಗಿವ್ನಿ ಮಿಸ್."

"ಮನೇಲಿ ಏನಾದರೂ ಕೆಲಸಾನಾ?"

"ಇಲ್ಲ." ಅವಳು ಕಾಲ ಹೆಬ್ಬೆರಳಿನಿಂದ ನೆಲ ಕೆರೆದಳು. "ಸುಮ್ನೆ. ನಾ ಬರ್ದಿದ್ರೆ ಏನಾಯ್ತದೆ ಅಂತ."

ನಾನು ಸಹಿ ಹಾಕಿದೆ. ಬೇಡ ಅನ್ನುವ ಮುಖ ನನಗೆ ಇರಲಿಲ್ಲ. ಮರುದಿನ ಜಾಣತನ ಮಾಡಿ ಬರೀ ಲೆಕ್ಕದ ಪಾಠ ಇಟ್ಟುಕೊಂಡೆ, ಮೊದಲ ಸಾಲಿಗೇ ಅಂಕಿ ಎಂದು ಬರೆಯಬೇಕಾಗಿ ಬಂತು. ಅಳಿಸಿ ಚಿತ್ರ ಬಿಡಿಸಲು ಹೇಳಿದೆ. ಮಕ್ಕಳು ಬಿಡಿಸಲಿಲ್ಲ, ಕಿಟಕಿಯ ಪಕ್ಕದ ಖಾಲಿ ಜಾಗವನ್ನು ನೋಡುತ್ತ ಕೂತವು. ಘ ಮತ್ತು ಚ ಮನೆಯವರು ನಡುವೆ ಒಬ್ಬರು ಕೂರುವಷ್ಟು ಸರಿದು ಕೂತಿದ್ದರು. ಲಿಂಗರಾಜ ಎರಡು ಸಲ ಹೊರಗೆ ಹೋಗಿ ದಾರಿ ನೋಡಿ ಬಂದ. ನನಗೇ ಆ ಕೋಣೆಯಲ್ಲಿ ಕೂರಲಾಗಲಿಲ್ಲ. ಹನ್ನೊಂದು ಗಂಟೆಗೆ ಎಲ್ಲರನ್ನೂ ಎಬ್ಬಿಸಿ, ಬಾಗಿಲಿಗೆ ಬೀಗ ಹಾಕಿ, ಹೊಂಬಾಳಮ್ಮನನ್ನೂ ಕರೆದುಕೊಂಡು ಇಡೀ ಶಾಲೆ ದಿಬ್ಬ ಇಳಿದು ಊರಿಗೆ ಹೋದೆವು.

ಬೆಟ್ಟಯ್ಯನ ಜಗುಲಿಯ ಮೇಲೆ ನಿಂಗಿ ತಲೆ ಬಾಚಿಕೊಂಡು, ರಿಬ್ಬನ್ ಕಟ್ಟಿಕೊಂಡು, ಶಾಲೆಯ ಚೀಲವನ್ನು ಹೆಗಲಿಗೆ ಹಾಕಿಕೊಂಡು ಕೂತಿದ್ದಳು. ನಮ್ಮನ್ನು ನೋಡಿ ಎದ್ದು ಲಂಗ ಕೊಡವಿಕೊಂಡಳು.

"ಇಷ್ಟೊತ್ತು ತಡ್ಕಂಡ್ರಾ ಮಿಸ್?" ಅಂದಳು.